ಅವ್ವನ ಚಿತ್ರಕ್ಕೊಂದು ಗೋಡೆ

ಇಂಡಿ
೧೨ ಫೆಬ್ರುವರಿ ೧೯೬೧

ಅಬ್ಬಾ ಅವರಿಗೆ ನಜಮಾಳ ಸಲಾಮು.

ಮಧ್ಯಾಹ್ನದ ಹೊತ್ತು. ಕೂಸು ಅತ್ತೆಯವರ ತೊಡೆಯ ಮೇಲೆ ಕಣ್ಣು ಮುಚ್ಚಿದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಅದಕ್ಕೇ ಅಕ್ಷರಗಳು ಓಡುತ್ತಿವೆ, ಮನ್ನಿಸಿ. ಮಾಬುಬಿಗೆ ಈಗ ಎರಡೂವರೆ ತಿಂಗಳು. ಹಾಲು ಕುಡಿಯುತ್ತಾಳೆ, ಅಳುತ್ತಾಳೆ, ಮತ್ತೆ ಕುಡಿಯುತ್ತಾಳೆ. ಒಮ್ಮೆಗೆ ಒಂದು ತಾಸಿಗಿಂತ ಹೆಚ್ಚು ಮಲಗಿದ್ದಿಲ್ಲ. ಅವಳು ಮಲಗಿದರೂ ನನಗೆ ನಿದ್ದೆ ಇಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತೇನೆ. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದರಲ್ಲಿ ಇದಕ್ಕೆ ಉಪಯೋಗವಾಗುವ ಒಂದು ಸಾಲೂ ಇರಲಿಲ್ಲ.

ಹೊಸ ಬಾಡಿಗೆ ಮನೆಗೆ ಬಂದು ಹತ್ತು ದಿನವಾಯಿತು. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಪಕ್ಕದಲ್ಲಿ ನಮ್ಮ ಕೋಣೆ, ಕೊನೆಗೆ ಅಡುಗೆಮನೆ. ಹೊಸದಾಗಿ ಸುಣ್ಣ ಬಳಿದಿದ್ದಾರೆ. ಇಷ್ಟು ಖಾಲಿ ಗೋಡೆಗಳನ್ನು ನಾನು ಎಂದೂ ಕಂಡಿಲ್ಲ. ಮೂವತ್ತು ವರ್ಷ ಸಾಲಿ ಹುಡುಗರಿಗೆ ಡ್ರಾಯಿಂಗ್ ಕಲಿಸಿದ ಮಾಸ್ತರ ನೀವು. ನಿಮ್ಮ ಮನೆಯಲ್ಲಿ ಗೋಡೆ ಎಂದರೆ ಹಾಳೆಗಳ ಸಂದಿನಲ್ಲಿ ಇಣುಕುವ ವಸ್ತು.

ಪಡಸಾಲೆಗೆ ಮಕ್ಕಾ-ಮದೀನಾದ ಚೌಕಟ್ಟು ಬಂದಿದೆ. ಅಡುಗೆಮನೆಗೆ ನೀವು ಬರೆದ ಬದನೆಕಾಯಿ ಬುಟ್ಟಿ. ಪಕ್ಕದ ಮನೆಯ ಶೇವಂತೆವ್ವ ಅದನ್ನು ನೋಡಿ, “ಬುಟ್ಟ್ಯಾಗ ಒಂದು ಕಾಯಿ ಇಲ್ಲ, ಗ್ವಾಡಿ ಮ್ಯಾಲೆ ಸಂತಿ ಹಚ್ಚೀರಲ್ರಿ” ಎಂದು ನಕ್ಕಳು. ನಡುಮನೆಯಲ್ಲಿ ಅತ್ತೆಯವರು ನಮಾಜು ಮಾಡುತ್ತಾರೆ, ಅಲ್ಲೇ ಮಲಗುತ್ತಾರೆ, ಅಲ್ಲಿಗೆ ಏನೂ ಬೇಡ.

ಉಳಿದದ್ದು ಅವ್ವನ ಚಿತ್ರ. ನಾನು ಕಾಲೇಜಿಗೆ ಹೊರಟ ವರ್ಷ ನೀವು ನೆನಪಿನಿಂದ ಬರೆದುಕೊಟ್ಟದ್ದು. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ, ಫೋಟೋ ಒಂದೂ ಇಲ್ಲ. ನನ್ನ ಪಾಲಿಗೆ ಅವ್ವ ಎಂದರೆ ಆ ಚಿತ್ರವೇ. ಹಾಸ್ಟೆಲಿನಲ್ಲಿ ನೋಡಿದವರೆಲ್ಲ “ತಾಯಿಯ ಪಡಿಯಚ್ಚು ನೀನು” ಅನ್ನುತ್ತಿದ್ದರು. ಕೂಸಿಗೆ ಹಾಲು ಕೊಡುವಾಗ ಕಣ್ಣೆತ್ತಿದರೆ ಅವಳು ಕಾಣಬೇಕು. ನನಗೆ ಬೇಕಾದದ್ದು ಅಷ್ಟೆ. ಎಲ್ಲಿ ಹಾಕಲಿ, ಎಷ್ಟು ಎತ್ತರಕ್ಕೆ ಹಾಕಲಿ, ಹೇಳಿ.

ಮಾಬುಬಿ ಎದ್ದಳು.

ನಿಮ್ಮ ಮಗಳು
ನಜಮಾ


ಮುದ್ದೇಬಿಹಾಳ
೨೧ ಫೆಬ್ರುವರಿ ೧೯೬೧

ಮಗಳು ನಜಮಾಳಿಗೆ ಬಾಬುಲಾಲನ ಹಾರೈಕೆ.

ಹೊಸ ಸುಣ್ಣದ ಗೋಡೆ ಒಂದು ತಿಂಗಳು ತೇವ ಬಿಡುತ್ತದೆ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬೂಚಿನ ತುಂಡು ಅಂಟಿಸು, ಗಾಳಿ ಆಡಲಿ. ಕಿಟಕಿಯ ಎದುರು ಹಾಕಬೇಡ. ಗಾಜಿನಲ್ಲಿ ಚಿತ್ರ ಕಾಣುವುದಿಲ್ಲ, ಕಿಟಕಿಯೇ ಕಾಣುತ್ತದೆ. ಎತ್ತರ ಕೇಳಿದ್ದೀ. ನಾವು ನೆಲದ ಮೇಲೆ ಕೂರುವ ಜನ, ಆದರೆ ಮೊಳೆಯನ್ನು ಮಾತ್ರ ತೊಲೆಯ ಹತ್ತಿರ ಹೊಡೆಯುತ್ತೇವೆ. ನೀನು ಕುಳಿತು, ಕಣ್ಣಿನ ಮಟ್ಟ ನೋಡಿಕೊಂಡು ಗುರುತು ಹಾಕು.

ಅವ್ವನ ಚಿತ್ರ ಟ್ರಂಕಿನಲ್ಲೇ ಇರಲಿ. ಜಲವರ್ಣ ಬೆಳಕಿಗೆ ಬೇಗ ಮಾಸುತ್ತದೆ. ಅಲ್ಲದೆ ಅದು ನನ್ನ ಒಳ್ಳೆಯ ಕೆಲಸವೇನೂ ಅಲ್ಲ.

ಕೂಸಿಗೆ ಹೊಟ್ಟೆನೋವು ಇದ್ದೀತು. ಓಮದ ನೀರು ಕೊಟ್ಟು ನೋಡಿರಿ. ನಿನ್ನ ಅತ್ತೆಯವರಿಗೆ ಸಲಾಮು ತಿಳಿಸು.

ಅಬ್ಬಾ


ಇಂಡಿ
೧೮ ಮಾರ್ಚ್ ೧೯೬೧

ಅಬ್ಬಾ ಅವರಿಗೆ ಸಲಾಮು.

ನಿಮ್ಮ ಮಾತು ಕೇಳಲಿಲ್ಲ. ಚಿತ್ರವನ್ನು ಹೊರಗೆ ತೆಗೆದೆ. ತೆಗೆದಾಗಿನಿಂದ ಅದು ನಮ್ಮ ಮನೆಯಲ್ಲಿ ಬಾಡಿಗೆದಾರನ ಹಾಗೆ ಖೋಲಿ ಬದಲಿಸುತ್ತಿದೆ.

ಮೊದಲು ಪಡಸಾಲೆಯಲ್ಲಿ ಹಾಕಿದೆ, ಬೂಚಿನ ತುಂಡು ಸಹಿತ. ಅತ್ತೆಯವರು ಅಡುಗೆಮನೆಯಿಂದಲೇ ಕೂಗಿದರು. “ನಜಮಾ, ಕಚೇರಿ ಮಂದಿ, ದಲಾಲರು, ಹಾಲಿನಾಂವ, ಎಲ್ಲಾರೂ ಬಂದು ನಿಮ್ಮವ್ವನ ಮಾರಿ ನೋಡಬೇಕೇನು? ಜೀವಂತ ಇದ್ದಾಗ ಬಾಗಿಲಾ ದಾಟಲಿಲ್ಲ ಅಕಿ. ಈಗ ಹೊರಗ ಕುಂಡ್ರಿಸ್ತೀ?”

ನಾನು ಇಳಿಸಿದೆ. ಹೌದಲ್ಲ ಅನ್ನಿಸಿತು.

ನಡುಮನೆಯ ಮಾತೇ ಇಲ್ಲ. ಹಾಗಾಗಿ ನಮ್ಮ ಕೋಣೆ. ಅಲ್ಲಿ ನಾಲ್ಕು ದಿನ ಇದ್ದಳು. ಆ ನಾಲ್ಕು ದಿನ ನನಗೆ ಎಷ್ಟೋ ಹಗುರವಾಗಿತ್ತು, ಅಬ್ಬಾ. ಕೂಸು ಚೀರುವಾಗ ನಾನು ಅವಳ ಕಡೆ ನೋಡಿ, “ನಾನೂ ಹಿಂಗ ಅಳತಿದ್ನೇನವ್ವಾ, ನೀ ಏನ ಮಾಡತಿದ್ದಿ?” ಎಂದು ಬಾಯಿ ಬಿಟ್ಟೇ ಕೇಳುತ್ತಿದ್ದೆ. ಐದನೆಯ ದಿನ ಮಾಬುಬಿಗೆ ಮೈ ಬೆಚ್ಚಗಾಯಿತು. ಅತ್ತೆಯವರು ಬಾಗಿಲಲ್ಲಿ ನಿಂತು, ಮುಖ ಬೇರೆ ಕಡೆ ತಿರುಗಿಸಿ ಹೇಳಿದರು: “ಸತ್ತವರ ಕಣ್ಣು ಕೂಸಿನ ಮ್ಯಾಲೆ ಇದ್ರ ಅದಕ್ಕ ನಿದ್ದಿ ಹೆಂಗ ಬರ್ತದವಾ? ನಾ ಕೆಟ್ಟ ಮಾತು ಆಡಾಕತ್ತಿಲ್ಲ. ತಾಯಿ ಅಂದ್ರ ಆಸಿ ಇರ್ತದ. ಆಸಿ ಇದ್ದವರು ಎಳೀತಾರ.”

ನಾನು ಬಿ.ಎ. ಓದಿದವಳು. ಇದೆಲ್ಲ ಸುಳ್ಳು ಎಂದು ಗೊತ್ತು. ಗೊತ್ತಿದ್ದೂ ಆ ಕ್ಷಣಕ್ಕೆ ಎದ್ದು ಚೌಕಟ್ಟು ಇಳಿಸಿದೆ. ಜ್ವರ ಮರುದಿನ ಇಳಿಯಿತು. ಅದು ಹೇಗೂ ಇಳಿಯುತ್ತಿತ್ತು. ಆದರೆ ಮತ್ತೆ ಅಲ್ಲಿ ಹಾಕುವ ಧೈರ್ಯ ನನಗಾಗಲಿಲ್ಲ. ಇದನ್ನು ನಿಮ್ಮ ಹೊರತು ಯಾರಿಗೂ ಹೇಳುವುದಿಲ್ಲ.

ಅಡುಗೆಮನೆಯಲ್ಲಿ ಬದನೆಕಾಯಿ ತೆಗೆದು ಅಲ್ಲಿ ಹಾಕಿದರೆ ಮೂರೇ ದಿನಕ್ಕೆ ಗಾಜು ಹೊಗೆ ಹಿಡಿದು ಕಂದಾಯಿತು. ನಿಮ್ಮ ಅಳಿಯನ ಹತ್ತಿರ ಗೋಳು ತೋಡಿಕೊಂಡೆ. ಅವರು ಮಾಮಲೇದಾರ ಕಚೇರಿಯ ಕಾರಕೂನರಲ್ಲವೇ, “ಹಗಲೆಲ್ಲಾ ಮಂದೀ ತಕರಾರು ಬರದು ಬರದು ಕೈ ಸೋತಾವು, ಮನ್ಯಾಗೂ ಒಂದು ಫೈಲು ತಗೀಬ್ಯಾಡ” ಎಂದು ತಟ್ಟೆಗೆ ಕೈ ಹಾಕಿದರು.

ಕೊನೆಗೆ ಶೇವಂತೆವ್ವನೇ ಮುಂದೆ ಬಂದಳು. “ನಮ್ಮ ಗ್ವಾಡಿ ತುಂಬ ದೇವರು ಅದಾರ, ಒಬ್ಬಾಕಿ ಹೆಣ್ಮಗಳಿಗೆ ಜಾಗಾ ಸಿಗೂದಿಲ್ಲೇನ್ರಿ? ಕೊಡ್ರಿ ಇಲ್ಲೆ. ನೋಡಬೇಕು ಅನಿಸಿದಾಗ ಬರ್ರಿ.” ಕೊಟ್ಟೆ. ಈಗ ನನ್ನ ಅವ್ವನನ್ನು ನೋಡಲು ಕೂಸನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೋಗುತ್ತೇನೆ.

ಸುಸ್ತಾಗಿದೆ, ಅಬ್ಬಾ. ಬೇರೆ ಏನೂ ಇಲ್ಲ.

ನಜಮಾ


ಇಂಡಿ
೯ ಏಪ್ರಿಲ್ ೧೯೬೧

ಅಬ್ಬಾ ಅವರಿಗೆ,

ಈ ಪತ್ರವನ್ನು ಹೇಗೆ ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊನ್ನೆ ಅತ್ತೆಯವರು ಮಜ್ಜಿಗೆ ತರಲು ಶೇವಂತೆವ್ವನ ಮನೆಗೆ ಹೋದರು. ಅಲ್ಲಿ ಅವ್ವನ ಚಿತ್ರಕ್ಕೆ ಮಲ್ಲಿಗೆ ಮಾಲೆ ಬಿದ್ದಿತ್ತು, ಹಣೆಗೆ ಸರಿಯಾಗಿ ಗಾಜಿನ ಮೇಲೆ ಕಾಸಗಲ ಕುಂಕುಮ. ಅವರು ಮಜ್ಜಿಗೆ ಬಿಟ್ಟು ಚಿತ್ರ ಎತ್ತಿಕೊಂಡು ಬಂದರು. ಹಿಂದೆಯೇ ಶೇವಂತೆವ್ವ ಓಡಿ ಬಂದಳು, ಕಣ್ಣಲ್ಲಿ ನೀರು. “ಮುತ್ತೈದಿಯಾಗಿ ಹೋದಾಕೀರಿ! ಬರೇ ಹಣಿಲೆ ಹೆಂಗ ಇಡೂದು? ನಮ್ಮವ್ವಗೂ ಹಿಂಗ ಹಚ್ಚತೇನಿ.”

ಅತ್ತೆಯವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ನೀ ಪ್ರೀತೀಲೆ ಹಚ್ಚೀದಿ, ನನಗ ತಿಳೀತದ. ಆದ್ರ ಅಕಿ ಶಮಶಾದಬಿ ಇದ್ದಾಳವಾ. ಅಕಿಗಿ ಅಕಿದಽ ರೂಪ ಇರಲಿ” ಎಂದರು. ನಡುಮನೆಯಲ್ಲಿ ಕುಳಿತು ಸೆರಗಿನಿಂದ ಗಾಜು ಒರೆಸತೊಡಗಿದರು. ಕುಂಕುಮಕ್ಕೆ ಎಣ್ಣೆ ಕಲಸಿದ್ದಳು, ಬೇಗ ಹೋಗಲಿಲ್ಲ. ಒರೆಸಲು ಹಣೆ ನೋಡಬೇಕು, ಹುಬ್ಬು ನೋಡಬೇಕು. ಮನುಷ್ಯರ ಚಿತ್ರ ನೋಡುವುದು ಪಾಪವೆಂದು ಒಂದೂವರೆ ತಿಂಗಳಿಂದ ಕಣ್ಣೆತ್ತಿಯೂ ನೋಡದ ಚಿತ್ರವನ್ನು ಅವತ್ತು ಅವರು ಮೊದಲ ಸಲ ನೋಡಿದರು. ಕೈ ನಿಂತಿತು.

“ನಜಮಾ, ಯಾರ್ವಾ ಇಕಿ?”

“ಅವ್ವರಿ.”

“ಶಮಶಾದ ಅಲ್ಲ ಇಕಿ.”

ನಾನು ನಕ್ಕೆ. ಅವರು ನಗಲಿಲ್ಲ. “ಗೊಳಸಂಗ್ಯಾಗ ನಮ್ಮದೂ ಅಕಿದೂ ಒಂದಽ ಓಣಿ. ಒಂದಽ ಚಾಪಿ ಮ್ಯಾಲೆ ಕೂತು ಕೌದಿ ಹೊಲದೇವಿ. ಅಕಿ ಮಾರಿ ನನಗ ತಿಳೀದೇನು? ಈ ಕೈ ನೋಡು. ಕಿರಿಬೆರಳು ಒಳಗ ಬಾಗೇತಿ. ಇದು ಶಮಶಾದನ ಕೈ, ಖರೆ. ಆದ್ರ ಮಾರಿ…” ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. “ಮಾರಿ ನಿಂದು, ಯವ್ವಾ. ಮೂಗುತಿ ಇಟ್ಟು ನಿನ್ನ ಬರದಾರ.”

ಅಬ್ಬಾ, ನನ್ನ ಬಳಿ ಚಿತ್ರ ಇದೆ ಎಂದು ನಾನು ಅವ್ವನ ಬಗ್ಗೆ ಯಾರನ್ನೂ ಏನನ್ನೂ ಕೇಳಲೇ ಇಲ್ಲ. ಅವಳ ಜೊತೆ ಬೆಳೆದವರು ಮದುವೆಯಾದಾಗಿನಿಂದ ನನ್ನ ಎದುರಿಗೇ ಇದ್ದರು. ಒಂದು ಮಾತು ಕೇಳಿರಲಿಲ್ಲ.

ಅತ್ತೆಯವರಿಗೆ ವಯಸ್ಸಾಗಿದೆ, ಮರೆತಿದ್ದಾರೆ ಎಂದು ಬರೆಯಿರಿ. ನಾನು ನಂಬುತ್ತೇನೆ.

ನಜಮಾ


ಇಂಡಿ
೧೪ ಮೇ ೧೯೬೧

ಅಬ್ಬಾ ಅವರಿಗೆ ಸಲಾಮು. ಒಂದು ತಿಂಗಳ ಮೇಲಾಯಿತು, ನಿಮ್ಮ ಪತ್ರವಿಲ್ಲ. ಸಿಟ್ಟಿನಲ್ಲಿ ಬರೆದೆನೇನೋ. ಸಿಟ್ಟಿಲ್ಲ, ನಿದ್ದೆಯಿಲ್ಲ ಅಷ್ಟೆ. ಚಿತ್ರ ಟ್ರಂಕಿನಲ್ಲಿದೆ. ಮಾಬುಬಿ ಈಗ ಮಗ್ಗುಲಾಗುತ್ತಾಳೆ. ಮಗುಚಿ ಉಸಿರು ಕಟ್ಟೀತೆಂದು ಅದೊಂದು ಹೊಸ ಹೆದರಿಕೆ. ಆರೋಗ್ಯದ ಬಗ್ಗೆ ಒಂದು ಕಾರ್ಡಾದರೂ ಹಾಕಿ.

ನಜಮಾ


ಮುದ್ದೇಬಿಹಾಳ
೨೮ ಮೇ ೧೯೬೧

ನಜಮಾ, ಮಗಳೇ,

ನಿನ್ನ ಅತ್ತೆಯವರಿಗೆ ಮರೆವು ಬಂದಿಲ್ಲ. ಮರೆತವನು ನಾನು.

ನಮ್ಮ ಮದುವೆಯಾಗಿ ಆರು ವರ್ಷ ಅವಳು ಇದ್ದಳು. ಆ ಆರು ವರ್ಷ ನನ್ನ ನೌಕರಿ ಸಿಂದಗಿಯಲ್ಲಿ, ಅವಳು ನನ್ನ ತಂದೆ-ತಾಯಿಯ ಹತ್ತಿರ. ರಜೆಗೆ ಬಂದರೆ ಹಗಲು ಹಿರಿಯರ ಮುಂದೆ ಅವಳ ತಲೆಯ ಸೆರಗು ಗದ್ದದ ತನಕ ಇರುತ್ತಿತ್ತು. ಊಟದ ತಾಟು ಮುಂದಿಡುವಾಗ ಕೈ ಕಾಣುತ್ತಿತ್ತು. ಆ ಕೈಯನ್ನು ಮಾತ್ರ ನಾನು ಕಣ್ಣು ತುಂಬ ನೋಡಿದ್ದೇನೆ. ಉಳಿದದ್ದೆಲ್ಲ ಚಿಮಣಿಯ ಬೆಳಕಿನಲ್ಲಿ ಕಂಡದ್ದು. ನೋಡುತ್ತ ಕೂತರೆ “ಏನ ನೋಡ್ತೀರಿ” ಎಂದು ದೀಪ ಊದಿಬಿಡುತ್ತಿದ್ದಳು. ಮುಂದೆ ಬೇಕಾದಷ್ಟು ನೋಡುವುದಿದೆ ಎಂದು ನಾನೂ ಅಂದುಕೊಂಡಿದ್ದೆ.

ನೀನು ಕಾಲೇಜಿಗೆ ಹೊರಟಾಗ “ಅವ್ವ ಹೆಂಗಿದ್ಳು, ಬರದು ಕೊಡ್ರಿ” ಎಂದೆ. ಕೈ ಬಂತು. ಕೂರುವ ಭಂಗಿ ಬಂತು. ಮುಖದ ಜಾಗಕ್ಕೆ ಬಂದಾಗ ಪೆನ್ಸಿಲು ನಿಂತಿತು. ಎಂಟು ದಿನ ಆ ಹಾಳೆಯನ್ನು ಹಾಗೇ ಇಟ್ಟಿದ್ದೆ. ಊರ ಗಿಡ, ಗುಮ್ಮಟ, ಎತ್ತಿನ ಕೊರಳ ಗಂಟೆ, ಒಮ್ಮೆ ನೋಡಿದ್ದನ್ನೆಲ್ಲ ಬರೆಯಬಲ್ಲ ಮಾಸ್ತರನಿಗೆ ಹೆಂಡತಿಯ ಮುಖ ಬರಲಿಲ್ಲ. ನೀನು ಎದುರಿಗೆ ಕೂತು ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದೆ. ನಿನ್ನನ್ನೇ ನೋಡುತ್ತ ಬರೆದೆ, ವಯಸ್ಸಿಗೆ ನಾಲ್ಕು ವರ್ಷ ಹೆಚ್ಚಿಸಿದೆ. ಮಗಳಲ್ಲಿ ತಾಯಿ ಇದ್ದೇ ಇರುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ. ನೀನು ನಿನ್ನ ಅಜ್ಜಿಯ, ಎಂದರೆ ನನ್ನ ತಾಯಿಯ ಮುಖ ಪಡೆದವಳು ಎಂದು ನನಗೆ ಆಗಲೂ ಗೊತ್ತಿತ್ತು.

ಅವಳ ತವರಿನವರು ಸೊಲ್ಲಾಪುರದ ಗಿರಣಿಗೆ ಹೋದವರು ತಿರುಗಿ ಬರಲಿಲ್ಲ. ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ನೀನು ಅವಳ ಓಣಿಯಲ್ಲೇ ಬೆಳೆದ ಗೌಸಬಿಯವರ ಮನೆಗೆ ಸೊಸೆಯಾಗಿ ಹೋದಾಗ ಆ ಚಿತ್ರವನ್ನು ಟ್ರಂಕಿನಿಂದ ತೆಗೆದಿಟ್ಟುಕೊಳ್ಳಬೇಕೆಂದುಕೊಂಡೆ. ನೀನೇ ಮೊದಲು ಅದನ್ನು ಸೀರೆಯಲ್ಲಿ ಸುತ್ತಿ ಇಟ್ಟಿದ್ದೆ.

ಕ್ಷಮೆ ಕೇಳುವ ಮುಖ ನನಗಿಲ್ಲ.

ಅಬ್ಬಾ


ಇಂಡಿ
೨೦ ಜೂನ್ ೧೯೬೧

ಅಬ್ಬಾ ಅವರಿಗೆ ಸಲಾಮು.

ನಿಮ್ಮ ಪತ್ರವನ್ನು ಅತ್ತೆಯವರಿಗೂ ಓದಿ ಹೇಳಿದೆ, ಚಿತ್ರವನ್ನು ಹೊರಗಿಟ್ಟರೂ ಬೇಡ, ಒಳಗಿಟ್ಟರೂ ಬೇಡ ಅನ್ನುತ್ತಿದ್ದ ಅದೇ ಅತ್ತೆಯವರಿಗೆ. ಬಚ್ಚಿಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಅವರು ತೊಟ್ಟಿಲ ಹಗ್ಗ ಜಗ್ಗುತ್ತ ಕೊನೆಯ ತನಕ ಕೇಳಿದರು. ಆಮೇಲೆ, “ನಿಮ್ಮಪ್ಪ ಒಬ್ಬರಽ ಅಲ್ಲವಾ. ನಮ್ಮ ಗಂಡಸರು ಯಾರು ನೋಡ್ಯಾರ ನಮ್ಮನ್ನ?” ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ, “ಬರಾಕ ಹೇಳು. ನಾ ಹೇಳ್ತೇನಿ, ಅವರು ಬರೀಲಿ. ಪಾಪ ಬಂದ್ರ ನನಗ ಬರಲಿ.”

ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಬನ್ನಿ. ಬೆಳಗಿನ ಬಸ್ಸಿಗೆ ಹೊರಟರೆ ಬಾಗೇವಾಡಿಯಲ್ಲಿ ಬದಲಿಸಿ ಸಂಜೆಗೆ ಇಲ್ಲಿರುತ್ತೀರಿ.

ದಾರಿ ಕಾಯುವ
ನಜಮಾ


ಇಂಡಿ
೨೭ ಆಗಸ್ಟ್ ೧೯೬೧

ಅಬ್ಬಾ ಅವರಿಗೆ ಸಲಾಮು.

ನೀವು ಹೋಗಿ ಒಂದು ತಿಂಗಳಾಯಿತು. ಸುಖವಾಗಿ ಮುಟ್ಟಿದೆ ಎಂಬ ಕಾರ್ಡು ಬಂದದ್ದು ಬಿಟ್ಟರೆ ನೀವು ಏನೂ ಬರೆದಿಲ್ಲ. ಯಾಕೆ ಎಂದು ನನಗೆ ಗೊತ್ತು.

ಆ ಮೂರು ದಿನ ನೆನೆದರೆ ಈಗಲೂ ನಗು ಬರುತ್ತದೆ. ಬೀಗರ ಎದುರಿಗೆ ಬರುವುದಿಲ್ಲವೆಂದು ಅತ್ತೆಯವರು ನಡುಮನೆಯ ಪರದೆಯ ಹಿಂದೆ, ನೀವು ಪಡಸಾಲೆಯಲ್ಲಿ ಹಲಗೆ ತೊಡೆಯ ಮೇಲಿಟ್ಟುಕೊಂಡು. ನಡುವೆ ಕೂಸನ್ನು ಕಂಕುಳಲ್ಲಿ ಹೊತ್ತು ಹಾಳೆ ಒಯ್ಯುವವಳು ನಾನು.

“ಹುಬ್ಬು ಎರಡೂ ಕೂಡ್ಯಾವು ಅಂತ ಹೇಳು ಅವರಿಗೆ.”

“ಕೇಳಿಸ್ತು ಅಂತ ಹೇಳವಾ.”

“ಮೂಗು ಇಷ್ಟು ಚೂಪ ಅಲ್ಲ. ಮೊಂಡ. ಚಂದ ಇರಲಿಲ್ಲವಾ ಅಕಿ, ಸುಳ್ಳ ಯಾಕ ಹೇಳ್ಲಿ.”

ನೀವು ರಬ್ಬರು ಎತ್ತಿದವರು ಹಾಗೇ ಕೂತಿರಿ. ಒಳಗಿನಿಂದ ಮತ್ತೆ ದನಿ ಬಂತು: “ಮುಂದಿನ ಹಲ್ಲು ಒಂದರ ಮ್ಯಾಲೆ ಒಂದು. ಅದಕ್ಕ ಮ್ಯಾಲಿನ ತುಟಿ ಯಾವಾಗ್ಲೂ ಜರಾ ತೆರದಿರತಿತ್ತು. ಏನೋ ಹೇಳಾಕ ಬಂದಾಕಿ ಮರತು ನಿಂತಾಳ ಅನ್ನೂವಂಗ.” ಎಷ್ಟು ಸಲ ಹಾಳೆ ಒಳಗೆ ಹೋಯಿತು, ಎಷ್ಟು ಸಲ ಹೊರಗೆ ಬಂತು! ಮೂರನೆಯ ದಿನ ಮಧ್ಯಾಹ್ನ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಪರದೆ ಸರಿಸಿ ನೋಡಿದರೆ ಅತ್ತೆಯವರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, “ಎಲ್ಲಿ ಹೋಗಿದ್ದೀ ಇಷ್ಟು ದಿನಾ?” ಎಂದು ಅದಕ್ಕೇ ಕೇಳುತ್ತಿದ್ದರು.

ನಾನು ಹೊರಗೆ ಬಂದು ಹೇಳಿದೆ. ನೀವು ಹಾಳೆಯನ್ನು ಮತ್ತೊಮ್ಮೆ ತರಿಸಿ, ಕನ್ನಡಕ ಒರೆಸಿ ನೋಡಿದಿರಿ. ದೂರ ಹಿಡಿದು ನೋಡಿದಿರಿ, ಬಾಗಿಲ ಬೆಳಕಿಗೆ ಹೋಗಿ ನೋಡಿದಿರಿ. “ಛಲೋ ಆತು” ಎಂದಿರಿ. ಮತ್ತೆ ಎರಡು ಸಲ ಚಹಾ ಕೇಳಿದಿರಿ. ಊರಿಗೆ ಹೊರಡುವಾಗ ಹಳೆಯ ಚಿತ್ರವನ್ನು, ನನ್ನ ಮುಖದ್ದನ್ನು, ಯಾರನ್ನೂ ಕೇಳದೆ ಚೀಲಕ್ಕೆ ಹಾಕಿಕೊಂಡಿರಿ. ನಾನು ಕಂಡೆ.

ನಿಮಗೆ ಅವಳ ಗುರುತು ಸಿಗಲಿಲ್ಲ, ಅಲ್ಲವೇ ಅಬ್ಬಾ? ನೀವೇ ಬರೆದ ಮುಖ, ನೋಡಿದವರೊಬ್ಬರು ಹೌದೆಂದ ಮುಖ. ಅದನ್ನು ನೋಡಿಯೂ ನಿಮಗೆ ಯಾರೂ ನೆನಪಾಗಲಿಲ್ಲ. ಅದನ್ನು ಬರೆಯಲಾರದೆ ಸುಮ್ಮನಿದ್ದೀರಿ.

ನನಗೂ ಸಿಗಲಿಲ್ಲ. ಆರು ವರ್ಷ ಮಾತಾಡಿಸಿದ ಮುಖ ಹೋಗಿ, ಅದರ ಜಾಗಕ್ಕೆ ಕೂಡು ಹುಬ್ಬಿನ ಒಬ್ಬ ಪರಿಚಯವಿಲ್ಲದ ಹುಡುಗಿ ಬಂದಿದ್ದಾಳೆ. ಮೊದಲ ವಾರ ಕೋಣೆಯಲ್ಲಿ ಹಾಕಿಕೊಂಡೆ. ಅತ್ತೆಯವರು ಏನೂ ಅನ್ನಲಿಲ್ಲ, ಮೊಳೆ ಹೊಡೆಯುವಾಗ ಸುತ್ತಿಗೆ ತಂದುಕೊಟ್ಟರು. ಆದರೆ ಹಾಲು ಕೊಡುವಾಗ ಕಣ್ಣೆತ್ತಿದರೆ ಸಂಕೋಚವಾಗುತ್ತಿತ್ತು, ಬೇರೆಯವರ ಮನೆಯವರು ಬಂದು ಕೂತ ಹಾಗೆ. ಈ ಮನೆಯಲ್ಲಿ ಅವಳನ್ನು ಬಲ್ಲವರು ಒಬ್ಬರೇ. ಹಾಗಾಗಿ ಚಿತ್ರವನ್ನು ಒಯ್ದು ಅವರಿಗೇ ಕೊಟ್ಟೆ.

ಈಗ ಅದು ನಡುಮನೆಯಲ್ಲಿದೆ, ಕುಳಿತರೆ ಕಣ್ಣಿನ ಮಟ್ಟಕ್ಕೆ. ನಮಾಜಿನ ಹೊತ್ತಿಗೆ ಅತ್ತೆಯವರು, “ಅತ್ತಾಗ ತಿರಗವಾ ಜರಾ” ಎಂದು ಅವಳ ಮುಖವನ್ನು ಗೋಡೆಗೆ ತಿರುಗಿಸುತ್ತಾರೆ. ಮುಗಿದ ಮೇಲೆ ಈಚೆ ತಿರುಗಿಸುತ್ತಾರೆ. ದಿನಕ್ಕೆ ಐದು ಸಲ. ನಿಮ್ಮ ಅಳಿಯ ನೋಡಿ, “ದಾರಾ ಸವದು ಒಂದಿನಾ ಬೀಳತೈತಿ ಬೇ” ಎಂದರು. “ಬಿದ್ರ ಬ್ಯಾರೆ ದಾರಾ ಕಟ್ಟು. ಅದಕ್ಕಽ ಹಡದೇನಿ ನಿನ್ನ” ಎಂದು ಉತ್ತರ ಬಂತು.

ಈಚೆ ತಿರುಗಿಸಿದ ಮೇಲೆ ಮಾತು ಶುರು. ಅವ್ವ ಹುಣಸೆಹಣ್ಣು ಕದ್ದು ತಿಂದು ಅತ್ತೆಯವರ ಹೆಸರು ಹೇಳಿದ್ದು. ಮದುವೆಯ ಹಿಂದಿನ ದಿನ “ಮಾಸ್ತರ ಅಂದ್ರ ಬಡೀತಾರೇನ?” ಎಂದು ಕೇಳಿ ಅತ್ತದ್ದು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಗೋಡೆಗೆ ಒರಗುತ್ತೇನೆ. ಕೇಳುತ್ತ ಕೇಳುತ್ತ ಒಮ್ಮೊಮ್ಮೆ ಆ ತೆರೆದ ತುಟಿ ಯಾರದೋ ಅನ್ನಿಸುವುದು ನಿಲ್ಲುತ್ತದೆ. ಸ್ವಲ್ಪ ಹೊತ್ತು, ಅಷ್ಟೆ. ಮೊನ್ನೆ ಹಾಗೇ ಒರಗಿದವಳು ಎಷ್ಟು ಹೊತ್ತು ನಿದ್ದೆ ಹೋದೆನೋ, ಎದ್ದಾಗ ಮೈಮೇಲೆ ಕೌದಿ ಇತ್ತು.

ನಿಮ್ಮ ಬಗ್ಗೆಯೂ ಮಾತು ಬರುತ್ತದೆ. ನೀವು ಸಿಂದಗಿಯಿಂದ ಬರುವ ದಿನ ಅವಳು ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳಂತೆ. ತವರಿಗೆ ಬಂದಾಗ ಅತ್ತೆಯವರ ಮುಂದೆ ತಾನೇ ಹೇಳಿಕೊಂಡು ನಕ್ಕಿದ್ದಳಂತೆ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ.

ರಜೆಯ ದಿನ ಎಂದು ಕಾಯಬೇಡಿ, ನಿಮಗೆ ಈಗ ಎಲ್ಲ ದಿನವೂ ರಜೆ. ಬನ್ನಿ, ಪರದೆಯ ಈಚೆ ಕೂತು ಕೇಳಿ. ಪೆನ್ಸಿಲು ತರಬೇಡಿ.

ನಿಮ್ಮ
ನಜಮಾ